ಹಳೇ ಪಾರ್ಕಿನ ಮಣ್ಣಿನ ಅಂಕಣವನ್ನು ಮತ್ತೆ ಆಟಕ್ಕೆ ಸಜ್ಜು ಮಾಡುವುದು ಹೇಗೆ

ಕರ್ನಾಟಕದ ಎಷ್ಟೋ ಊರುಗಳ ಹಳೇ ಪಾರ್ಕಿನಲ್ಲಿ ಒಂದು ಮೂಲೆ ಹೀಗಿರುತ್ತದೆ: ಅರ್ಧ ಹುಲ್ಲು, ಅರ್ಧ ಕಸ, ನಡುವೆ ಯಾತಕ್ಕೆ ಉಳಿದಿದೆಯೋ ತಿಳಿಯದ ಒಂದು ಮರದ ಮೋಟು. ಕೇಳಿದರೆ ವಯಸ್ಸಾದವರು ಹೇಳುತ್ತಾರೆ, ಅದು ಕೊಕ್ಕೊ ಕಂಬ. ಅದರಾಚೆ ಕಬಡ್ಡಿ ಅಂಕಣ, ಆಂಜನೇಯನ ಗುಡಿಯ ಪಕ್ಕ ಗರಡಿ. ಇದನ್ನು ‘ಉಳಿಸೋಣ’ ಎಂದು ಹೊರಟವರು ಸಾಮಾನ್ಯವಾಗಿ ಮಾಡಿಸುವುದು ಒಂದು ಗ್ರಾನೈಟ್ ಫಲಕ, ಅದರ ಸುತ್ತ ಇಂಟರ್‌ಲಾಕ್ ಟೈಲ್ಸ್. ಟೈಲ್ಸ್ ಮೇಲೆ ಯಾರೂ ಡೈವ್ ಹೊಡೆಯುವುದಿಲ್ಲ. ಅಂಕಣ ಮಣ್ಣಿನದ್ದಾಗಿದ್ದರೆ ಅದನ್ನು ಮಣ್ಣಿನಲ್ಲೇ ಎಬ್ಬಿಸಬೇಕು. ಅದಕ್ಕೆ ದುಡ್ಡಿಗಿಂತ ಹೆಚ್ಚಾಗಿ ಬೇಕಾಗುವುದು ಸರಿಯಾದ ಮಣ್ಣು, ಸರಿಯಾದ ಇಳಿಜಾರು ಮತ್ತು ಆರು ವಾರದ ತಾಳ್ಮೆ.

ಅಂಕಣ ಎಲ್ಲಿತ್ತು?

ಗುದ್ದಲಿ ಹಾಕುವ ಮೊದಲು ಇದನ್ನು ಪತ್ತೆ ಮಾಡಿ. ಹಳಬರು ಜಾಗ ಆರಿಸುವಾಗ ನೀರು ಹರಿಯುವ ದಿಕ್ಕು, ಸಂಜೆ ಬಿಸಿಲು, ಮರದ ನೆರಳು ಎಲ್ಲವನ್ನೂ ನೋಡಿರುತ್ತಿದ್ದರು. ಜೊತೆಗೆ ವರ್ಷಗಟ್ಟಲೆ ಆಡಿದ ನೆಲದ ಅಡಿ ಆಗಲೇ ಗಟ್ಟಿಯಾಗಿರುತ್ತದೆ. ಆ ಲಾಭ ಹತ್ತು ಅಡಿ ಪಕ್ಕಕ್ಕೆ ಸರಿದರೂ ತಪ್ಪಿಹೋಗುತ್ತದೆ.

ಕೊಕ್ಕೊ ಕಂಬದ ಮೋಟುಗಳು ಎರಡೂ ಸಿಕ್ಕರೆ ನಡುವಿನ ಅಂತರ ಅಳೆಯಿರಿ. 23.5 ಮೀಟರ್ ಬಂದರೆ ಅದು 29 × 16 ಮೀಟರಿನ ಹಳೇ ಅಂಕಣ. 24 ಮೀಟರ್ ಬಂದರೆ ಈಗಿನ ನಿಯಮದ 27 × 16 ಮೀಟರಿನದು. ಮೋಟು ಸಿಗದಿದ್ದರೆ ಕಬ್ಬಿಣದ ಸಲಾಕೆಯಿಂದ ಒಂದೊಂದು ಅಡಿಗೆ ಚುಚ್ಚುತ್ತಾ ಹೋಗಿ. ಆಡಿದ ನೆಲದಲ್ಲಿ ಸಲಾಕೆ ನಾಲ್ಕು ಬೆರಳು ಇಳಿಯುವಷ್ಟರಲ್ಲಿ ತಡೆಯುತ್ತದೆ, ಆಡದ ನೆಲದಲ್ಲಿ ಸಲೀಸಾಗಿ ಇಳಿಯುತ್ತದೆ. ತಡೆದ ಕಡೆಗೆಲ್ಲ ಗೂಟ ನೆಟ್ಟರೆ ಒಂದು ಗಂಟೆಯಲ್ಲಿ ಅಂಕಣದ ಆಕಾರ ತಾನಾಗಿ ಕಾಣಿಸುತ್ತದೆ.

ಹಳೇ ಆಟಗಾರರನ್ನು ಮನೆಯಲ್ಲಿ ಕೂರಿಸಿ ಕೇಳಬೇಡಿ. ಪಾರ್ಕಿಗೇ ಕರೆತನ್ನಿ. ಕುರ್ಚಿಯಲ್ಲಿ ಕೂತಾಗ ‘ಆ ಕಾಲವೇ ಬೇರೆ’ ಎಂಬ ಮಾತು ಬರುತ್ತದೆ. ಕಾಲು ನೆಲಕ್ಕೆ ತಾಗಿದಾಗ ‘ಇಲ್ಲಿ ಕಂಬ, ಅಲ್ಲಿ ಸ್ಕೋರ್ ಬರೆಯುವ ಮೇಜು, ಮಳೆ ಬಂದರೆ ಈ ಮೂಲೆಯಲ್ಲೇ ಕೆಸರು’ ಎಂದು ಬೆರಳು ತೋರಿಸಿ ಹೇಳುತ್ತಾರೆ. ನಿಮಗೆ ಬೇಕಾದ್ದು ಆ ಕೆಸರಿನ ಮೂಲೆಯ ಸುದ್ದಿ. ಒಬ್ಬರು ಹೇಳಿದ ಜಾಗವನ್ನು ಇನ್ನೊಬ್ಬರಿಗೆ ತೋರಿಸದೆ ಬೇರೆಯಾಗಿ ಕೇಳಿ. ಎರಡು ಗೂಟ ಒಂದು ಮೀಟರಿನೊಳಗೆ ಬಿದ್ದರೆ ನಂಬಬಹುದು.

ಕಾಗದಪತ್ರ ಹುಡುಕುವವರು ಮೊದಲು ನೋಡಬೇಕಾದ್ದು, ನಿಮ್ಮ ಊರು 1956ರ ನವೆಂಬರ್ 1ಕ್ಕೆ ಮುಂಚೆ ಯಾರ ಆಡಳಿತದಲ್ಲಿತ್ತು ಎಂಬುದನ್ನು. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಮುಂಬೈ ಪ್ರಾಂತ್ಯದಲ್ಲಿದ್ದವು. ಕಲಬುರಗಿ, ಬೀದರ್, ರಾಯಚೂರು ಹೈದರಾಬಾದಿನಲ್ಲಿ, ದಕ್ಷಿಣ ಕನ್ನಡ ಮದ್ರಾಸಿನಲ್ಲಿ. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿತು. ಕೊಡಗು ಬೇರೆಯೇ ರಾಜ್ಯವಾಗಿತ್ತು. ಇದು ಗೊತ್ತಿಲ್ಲದೆ ಹಳೇ ಮೈಸೂರಿನ ಕಡತಗಳಲ್ಲಿ ಹುಬ್ಬಳ್ಳಿಯ ಪಾರ್ಕ್ ಹುಡುಕಿ ತಿಂಗಳು ಕಳೆಯುವವರಿದ್ದಾರೆ. ಹಳೇ ನಕ್ಷೆಯಲ್ಲಿ ಅಳತೆ ಗುಂಟೆಯಲ್ಲಿರುತ್ತದೆ. ಒಂದು ಗುಂಟೆ ಅಂದರೆ 33 × 33 ಅಡಿ, 1,089 ಚದರಡಿ. ಪುರಸಭೆಯ ಹಳೇ ಠರಾವು ಪುಸ್ತಕದಲ್ಲಿ ‘ಪಾರ್ಕ್’ ಪದಕ್ಕಿಂತ ‘ಮೈದಾನ’, ‘ಬಯಲು’, ‘ತೋಟ’ ಹುಡುಕಿದರೆ ಹೆಚ್ಚು ಸಿಗುತ್ತದೆ.

ಕಾಗದಕ್ಕಿಂತ ಟ್ರೋಫಿಗಳೇ ಹೆಚ್ಚು ಹೇಳುತ್ತವೆ. ಮರದ ಶೀಲ್ಡಿನ ಸುತ್ತ ಹೊಡೆದ ಚಿಕ್ಕ ಚಿಕ್ಕ ಲೋಹದ ತಗಡುಗಳಲ್ಲಿ ವರ್ಷ, ಗೆದ್ದ ತಂಡ ಎರಡೂ ಇರುತ್ತವೆ. ಪಾಲಿಷ್ ಹಾಕಿ ಉಜ್ಜಬೇಡಿ, ಸವೆದ ಅಕ್ಷರ ಪೂರ್ತಿ ಅಳಿದುಹೋಗುತ್ತದೆ. ಕತ್ತಲೆಯಲ್ಲಿ ಟಾರ್ಚನ್ನು ತಗಡಿಗೆ ತಾಗುವಷ್ಟು ಪಕ್ಕದಲ್ಲಿ ಹಿಡಿದು ಫೋಟೊ ತೆಗೆಯಿರಿ. ನೇರ ಬೆಳಕಿನಲ್ಲಿ ಕಾಣದ ಅಕ್ಷರ ಅಡ್ಡ ಬೆಳಕಿನಲ್ಲಿ ಎದ್ದು ಕಾಣುತ್ತದೆ.

ಅನುಮತಿ

ಪುರಸಭೆ, ನಗರಸಭೆಯ ಪಾರ್ಕುಗಳಿಗೆ 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಕಾಯ್ದೆ ಇದೆ. ಅರ್ಜಿಯಲ್ಲಿ ‘ಹೊಸ ಅಂಕಣ ನಿರ್ಮಾಣ’ ಎಂದು ಬರೆಯಬೇಡಿ, ‘ಇರುವ ಮಣ್ಣಿನ ಅಂಕಣದ ದುರಸ್ತಿ’ ಎಂದು ಬರೆಯಿರಿ. ಅದು ನಿಜವೂ ಹೌದು, ‘ನಿರ್ಮಾಣ’ ಎಂದ ಕೂಡಲೇ ಕಡತ ಹಿಡಿಯುವ ದಾರಿಯೇ ಬೇರೆ. ಬೆಂಗಳೂರಿನ ಕಬ್ಬನ್ ಪಾರ್ಕ್, ಲಾಲ್‌ಬಾಗ್ ತೋಟಗಾರಿಕೆ ಇಲಾಖೆಯ ಕೈಲಿವೆ. ಅವುಗಳಿಗೆ 1975ರ ಪ್ರತ್ಯೇಕ ಕಾಯ್ದೆ ಇದೆ, ಅಲ್ಲಿ ಗುದ್ದಲಿಯ ಮಾತೇ ಬೇಡ. ಬಾದಾಮಿ, ಶ್ರೀರಂಗಪಟ್ಟಣ, ವಿಜಯಪುರದಂಥ ಊರಾದರೆ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದಿಂದ ಎಷ್ಟು ದೂರ ಎಂದು ಮೊದಲೇ ಅಳೆದುಕೊಳ್ಳಿ: 100 ಮೀಟರ್ ನಿಷೇಧಿತ ವಲಯ, ಅದರಾಚೆಗಿನ 200 ಮೀಟರ್ ನಿಯಂತ್ರಿತ ವಲಯ. ಮರದ ಕೊಂಬೆ ಕಡಿಯಬೇಕಾದರೂ ವೃಕ್ಷಾಧಿಕಾರಿಯನ್ನು ಕೇಳಿ.

ನೆಲದಡಿ ಏನಿದೆ ನೋಡಿ

ಮೈಸೂರಿನ ದಸರಾ ಕುಸ್ತಿ ನಡೆಯುವ ಜಾಗದ ಹೆಸರು ದೊಡ್ಡಕೆರೆ ಮೈದಾನ. ಹೆಸರಲ್ಲೇ ಕೆರೆ ಇದೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣ ಎದ್ದಿದ್ದು ಸಂಪಂಗಿ ಕೆರೆಯ ಅಂಗಳದಲ್ಲಿ. ನಮ್ಮ ಎಷ್ಟೋ ಆಟದ ಬಯಲುಗಳು ಬತ್ತಿದ ಕೆರೆಗಳೇ. ಆದ್ದರಿಂದ ಕೆಲಸ ಶುರು ಮಾಡುವ ಮುಂಚೆ ಎರಡಡಿ ಆಳದ ಗುಂಡಿ ಒಂದು ತೋಡಿ. ಬೂದು ಬಣ್ಣದ, ಕೈಗೆ ಅಂಟುವ ಗೋಡುಮಣ್ಣು ಬಂದರೆ ಮಳೆಗಾಲದಲ್ಲಿ ನೀರು ಕೆಳಕ್ಕೆ ಇಳಿಯುವುದಿಲ್ಲ ಎಂದೇ ಲೆಕ್ಕ. ಗುಂಡಿ ತುಂಬ ನೀರು ಸುರಿದು ಇಂಗಲು ಬಿಡಿ, ಮತ್ತೆ ತುಂಬಿಸಿ. ಎರಡನೇ ಸಲದ ನೀರು ಮರುದಿನ ಬೆಳಗ್ಗೆಯೂ ನಿಂತಿದ್ದರೆ ಅಂಕಣದ ಸುತ್ತ ಒಂದಡಿ ಅಗಲ, ಒಂದೂವರೆ ಅಡಿ ಆಳದ ಕಾಲುವೆ ತೋಡಿ 40 ಎಂಎಂ ಜಲ್ಲಿ ತುಂಬಲೇಬೇಕು. ಇದನ್ನು ಬಿಟ್ಟು ಮೇಲಿನ ಮಣ್ಣಿಗೆ ಎಷ್ಟು ಖರ್ಚು ಮಾಡಿದರೂ ಮೊದಲ ಮುಂಗಾರಿಗೇ ಹೋಗುತ್ತದೆ.

ಉತ್ತರ ಕರ್ನಾಟಕದ ಎರೆಮಣ್ಣಿನ ಕತೆ ಬೇರೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಪಾದ ಸಿಕ್ಕುವಷ್ಟು ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಕೆಮ್ಮಣ್ಣು ಹಾಸಿದರೆ ಕೆಳಗಿನ ಬಿರುಕು ಒಂದೇ ಬೇಸಿಗೆಯಲ್ಲಿ ಮೇಲಕ್ಕೆ ಬರುತ್ತದೆ. ಒಂದಡಿ ಎರೆಮಣ್ಣು ತೆಗೆದು ಮೊರಂ (ಗರಸು ಮಣ್ಣು) ತುಂಬಿ ದಿಮ್ಮಸು ಹೊಡೆದ ಮೇಲೆಯೇ ಕೆಮ್ಮಣ್ಣು.

ಮಣ್ಣು

ಕೆಮ್ಮಣ್ಣೆಲ್ಲ ಒಂದೇ ಅಲ್ಲ. ಜಿಗುಟು ಹೆಚ್ಚಾದರೆ ಒಣಗಿದಾಗ ಬಿರಿಯುತ್ತದೆ, ಒದ್ದೆಯಾದಾಗ ಜಾರುತ್ತದೆ. ಮರಳು ಹೆಚ್ಚಾದರೆ ಗಟ್ಟಿಯಾಗುವುದೇ ಇಲ್ಲ, ಎರಡು ಪಂದ್ಯಕ್ಕೆ ಮೇಲ್ಪದರ ಪುಡಿಯಾಗುತ್ತದೆ. ಪರೀಕ್ಷೆಗೆ ಒಂದು ಗಾಜಿನ ಭರಣಿ ಸಾಕು. ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಚಿಟಿಕೆ ಸೋಪಿನ ಪುಡಿ ಹಾಕಿ ಚೆನ್ನಾಗಿ ಕುಲುಕಿ ಇಡಿ. ಮೊದಲ ನಿಮಿಷದಲ್ಲಿ ತಳ ಸೇರುವುದು ಮರಳು. ಎರಡು ಗಂಟೆಯೊಳಗೆ ಅದರ ಮೇಲೆ ಕೂರುವುದು ಸಣ್ಣ ಹೂಳು. ಮರುದಿನದ ಹೊತ್ತಿಗೆ ಎಲ್ಲಕ್ಕಿಂತ ಮೇಲೆ ನಿಂತಿರುವುದು ಜಿಗುಟು. ಒಟ್ಟು ಹತ್ತು ಸೆಂಟಿಮೀಟರ್ ಗಸಿಯಲ್ಲಿ ಆರು ಮರಳು, ಎರಡು ಜಿಗುಟು ಇದ್ದರೆ ಒಳ್ಳೆಯ ಅಂಕಣದ ಮಣ್ಣು. ಜಿಗುಟು ಮೂರು ದಾಟಿದರೆ ಮರಳು ಬೆರೆಸಿ. ಒಂದೂವರೆಗಿಂತ ಕಡಿಮೆ ಇದ್ದರೆ ಕೆರೆಯ ಗೋಡು ಸ್ವಲ್ಪ ಸೇರಿಸಿ. ಟಿಪ್ಪರ್ ಸುರಿದ ಮೇಲೆ ಈ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ, ಮಣ್ಣು ತೆಗೆಯುವ ಜಾಗದಲ್ಲೇ ಮಾಡಿ.

ಕರಾವಳಿ, ಮಲೆನಾಡಿನ ಮುರಕಲ್ಲು ಮಣ್ಣಿನಲ್ಲಿ ಇನ್ನೊಂದು ತೊಂದರೆ: ಅದರ ಹರಳು ಮೊನಚು, ಮಂಡಿ ಮೊಣಕೈ ತರಚುತ್ತದೆ. ಬೇರೆ ಮಣ್ಣಿಗೆ 5 ಎಂಎಂ ಜರಡಿ ಸಾಕು, ಇದಕ್ಕೆ 3 ಎಂಎಂ ಬೇಕು. ಪಾರ್ಕಿನ ಮಣ್ಣನ್ನೇ ಮತ್ತೆ ಬಳಸುವುದಾದರೆ ಹಳೇ ಸ್ಪೀಕರಿನ ಅಯಸ್ಕಾಂತವನ್ನು ಹಗ್ಗಕ್ಕೆ ಕಟ್ಟಿ ಹರಡಿದ ಮಣ್ಣಿನ ಮೇಲೆ ಎಳೆಯಿರಿ. ಎಷ್ಟು ಮೊಳೆ, ತಂತಿ, ಸೋಡಾ ಮುಚ್ಚಳ ಅಂಟಿ ಬರುತ್ತದೆ ಎಂದು ನೋಡಿದವರು ಈ ಹಂತವನ್ನು ಮತ್ತೆ ಬಿಡುವುದಿಲ್ಲ. ಗಾಜು ಮಾತ್ರ ಕಣ್ಣಿನಿಂದಲೇ ಆರಿಸಬೇಕು.

ಲೆಕ್ಕ ಹೀಗೆ: ಕೊಕ್ಕೊ ಅಂಕಣ 27 × 16, ಸುತ್ತ ಒಂದೂವರೆ ಮೀಟರ್ ಬಿಟ್ಟರೆ 30 × 19, ಅಂದರೆ 570 ಚದರ ಮೀಟರ್. ಸಡಿಲ ಮಣ್ಣು ಹತ್ತು ಸೆಂಟಿಮೀಟರ್ ಹರಡಿದರೆ ರೋಲರ್ ಎಳೆದ ಮೇಲೆ ಏಳೂವರೆ ಉಳಿಯುತ್ತದೆ. ಅದಕ್ಕೆ 57 ಘನ ಮೀಟರ್ ಬೇಕು. 100 ಘನ ಅಡಿಯ ಯುನಿಟ್ ಲೆಕ್ಕದಲ್ಲಿ ಸುಮಾರು 20 ಯುನಿಟ್. ಪುರುಷರ ಕಬಡ್ಡಿ ಅಂಕಣಕ್ಕೆ ಸುತ್ತ ಎರಡು ಮೀಟರ್ ಸೇರಿಸಿ 17 × 14, ಅದಕ್ಕೆ ಎಂಟೂವರೆ ಯುನಿಟ್.

ಒಟ್ಟು ಮಣ್ಣನ್ನು ಒಂದೇ ಸಲ ಹರಡುವುದು ಎಲ್ಲರೂ ಮಾಡುವ ತಪ್ಪು. ಕೈರೋಲರಿನ ಒತ್ತಡ ಐದು ಸೆಂಟಿಮೀಟರಿಗಿಂತ ಕೆಳಕ್ಕೆ ಹೋಗುವುದಿಲ್ಲ. ಮೇಲೆ ಗಟ್ಟಿ, ಕೆಳಗೆ ಪೊಳ್ಳಾಗಿ ಕೂತು, ಆಮೇಲೆ ಹಿಮ್ಮಡಿ ಊರಿದ ಕಡೆಯೆಲ್ಲ ಕುಳಿ ಬೀಳುತ್ತದೆ. ಐದೈದು ಸೆಂಟಿಮೀಟರಿನ ಎರಡು ಪದರ ಹಾಕಿ. ಮೊದಲ ಪದರ ಗಟ್ಟಿಯಾದ ಮೇಲೆ ಕುಂಟೆಯಿಂದ ಮೈ ಗೀರಿ, ನೀರು ಚಿಮುಕಿಸಿ, ಆಮೇಲೆ ಎರಡನೆಯದು. ಗೀರದೆ ಹಾಕಿದರೆ ಮೇಲಿನ ಪದರ ಹಪ್ಪಳದ ಹಾಗೆ ಏಳುತ್ತದೆ.

ರೋಲರ್ ಎಳೆಯುವ ಹದ ಕೈಗೆ ಗೊತ್ತಾಗುತ್ತದೆ. ಒಂದು ಹಿಡಿ ಮಣ್ಣು ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಡಿ. ಎರಡು ಮೂರು ತುಂಡಾದರೆ ಹದ ಸರಿ. ಪುಡಿಯಾದರೆ ನೀರು ಸಾಲದು. ಚಪ್ಪಟೆಯಾಗಿ ಕೂತರೆ ನೀರು ಹೆಚ್ಚು, ಒಂದು ದಿನ ಕಾಯಿರಿ. ಈ ಹದ ಸಲೀಸಾಗಿ ಸಿಗುವುದು ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ. ಏಪ್ರಿಲಿನಲ್ಲಿ ಚಿಮುಕಿಸಿದ ನೀರು ರೋಲರ್ ತಿರುಗಿ ಬರುವಷ್ಟರಲ್ಲಿ ಆರಿರುತ್ತದೆ.

ಇಳಿಜಾರು ನೂರಕ್ಕೆ ಒಂದು ಸಾಕು. ಕೊಕ್ಕೊ ಅಂಕಣದಲ್ಲಿ ಕಂಬದಿಂದ ಕಂಬಕ್ಕೆ ಹೋಗುವ ನಡು ಸಾಲು ಎತ್ತರ, ಎರಡೂ ಬದಿಗೆ ಎಂಟೆಂಟು ಸೆಂಟಿಮೀಟರ್ ಇಳಿತ. ಕಬಡ್ಡಿಯಲ್ಲಿ ನಡುಗೆರೆ ಉಬ್ಬಿದರೆ ರೈಡರಿಗೆ ಕಾಲು ತಡೆಯುತ್ತದೆ. ಅಲ್ಲಿ ಒಂದು ಬದಿಯ ಪಟ್ಟಿಯಿಂದ, ಅಂದರೆ ಲಾಬಿಯಿಂದ, ಇನ್ನೊಂದು ಲಾಬಿಗೆ ಹತ್ತು ಮೀಟರಿಗೆ ಹತ್ತು ಸೆಂಟಿಮೀಟರ್ ಒಂದೇ ಕಡೆ ಇಳಿಸಿ. ಮೇಸ್ತ್ರಿಗಳ ನೀರು ಟ್ಯೂಬಿನಿಂದ ಇಷ್ಟನ್ನು ಕರಾರುವಾಕ್ಕಾಗಿ ಹಿಡಿಯಬಹುದು, ಟ್ಯೂಬಿನೊಳಗೆ ಗಾಳಿಗುಳ್ಳೆ ಇಲ್ಲದಂತೆ ನೋಡಿಕೊಂಡರಾಯಿತು.

ಕಣ ಮಾಡಿದ ಹಾಗೆ ಸಗಣಿ ಸಾರಿಸುವುದೋ ಬೇಡವೋ ಎಂಬ ವಾದ ಪ್ರತಿ ಊರಲ್ಲೂ ಇದೆ. ಕೊಕ್ಕೊ ಅಂಕಣಕ್ಕೆ ಒಣ ತಿಂಗಳುಗಳಲ್ಲಿ ತೆಳ್ಳಗೆ ಸಾರಿಸಿದರೆ ಧೂಳು ನಿಜಕ್ಕೂ ಕೂರುತ್ತದೆ. ಕಬಡ್ಡಿಗೆ ಬೇಡವೇ ಬೇಡ. ಅಲ್ಲಿ ಚರ್ಮ ನೆಲಕ್ಕೆ ಉಜ್ಜುತ್ತದೆ, ತರಚಿದ ಗಾಯಕ್ಕೆ ಸಗಣಿ ಸೇರಿದರೆ ಧನುರ್ವಾಯುವಿನ ಭಯ. ಧೂಳಿಗೆ ಉಪ್ಪು ಚೆಲ್ಲುವುದೂ ತಪ್ಪು, ಮಳೆಗೆ ಕರಗಿ ಮರದ ಬೇರಿಗೆ ಇಳಿಯುತ್ತದೆ. ಸಿಮೆಂಟ್ ಬೆರೆಸಿದರೆ ಒಂದು ವರ್ಷ ಚೆಂದ, ಆಮೇಲೆ ಚಕ್ಕೆ ಏಳುತ್ತದೆ, ಚಕ್ಕೆಯ ಅಂಚು ಬ್ಲೇಡಿನಂತೆ. ಮರದ ಬುಡಕ್ಕೆ ಮಾತ್ರ ಮಣ್ಣು ಏರಿಸಬೇಡಿ. ಕಾಂಡದ ಸುತ್ತ ಮಣ್ಣು ನಿಂತರೆ ತೊಗಟೆ ಕೊಳೆಯುತ್ತದೆ.

ಗುರುತು ಹಾಕುವುದು

ಟೇಪು ಹಿಡಿದು ನಾಲ್ಕು ಬದಿ ಅಳೆದರೆ ಅಂಕಣ ಚೌಕಾಗುವುದಿಲ್ಲ, ಓರೆಯಾದರೂ ಬದಿಗಳ ಅಳತೆ ಸರಿಯಾಗೇ ಇರುತ್ತದೆ. ಕರ್ಣ ಅಳೆಯಬೇಕು. 27 × 16ಕ್ಕೆ ಕರ್ಣ 31.38 ಮೀಟರ್, ಪುರುಷರ ಕಬಡ್ಡಿಯ 13 × 10ಕ್ಕೆ 16.40, ಮಹಿಳೆಯರ 12 × 8ಕ್ಕೆ 14.42. ಎರಡೂ ಕರ್ಣ ಎರಡು ಸೆಂಟಿಮೀಟರಿನೊಳಗೆ ಕೂಡಿದರೆ ಮುಂದುವರಿಯಿರಿ. ಬಟ್ಟೆ ಟೇಪು ಎಳೆದಷ್ಟೂ ಹಿಗ್ಗುತ್ತದೆ, ಉಕ್ಕಿನ ಟೇಪೇ ಇರಲಿ.

ಕೊಕ್ಕೊದಲ್ಲಿ ತಪ್ಪುವುದು ಅಡ್ಡ ಸಾಲುಗಳು. ಕಂಬದಿಂದ ಮೊದಲ ಅಡ್ಡ ಸಾಲಿಗೆ 2.55 ಮೀಟರ್, ಸಾಲಿನ ಅಗಲ 35 ಸೆಂಟಿಮೀಟರ್, ಸಾಲುಗಳ ನಡುವೆ 2.30 ಮೀಟರ್, ಒಟ್ಟು ಎಂಟು ಸಾಲು. ಒಂದು ಸಾಲು ಮುಗಿದ ಕಡೆಯಿಂದ ಇನ್ನೊಂದಕ್ಕೆ ಅಳೆಯುತ್ತಾ ಹೋದರೆ ಸಣ್ಣ ತಪ್ಪು ಎಂಟು ಸಲ ಕೂಡಿ ಕೊನೆಯಲ್ಲಿ ಅರ್ಧ ಅಡಿಯಾಗುತ್ತದೆ. ಟೇಪಿನ ಸೊನ್ನೆಯನ್ನು ಒಂದೇ ಕಂಬಕ್ಕೆ ಕಟ್ಟಿ ಇಟ್ಟು ಓದಿ: ಸಾಲುಗಳು ಶುರುವಾಗುವುದು 2.55, 5.20, 7.85, 10.50, 13.15, 15.80, 18.45, 21.10 ಮೀಟರಿನಲ್ಲಿ. ಕೊನೆಯ ಸಾಲು 21.45ಕ್ಕೆ ಮುಗಿದು ಆಚೆ ಕಂಬಕ್ಕೆ ಮತ್ತೆ 2.55 ಉಳಿಯಬೇಕು. ನಡು ಸಾಲಿನ ಅಗಲ 30 ಸೆಂಟಿಮೀಟರ್.

ಕಬಡ್ಡಿಯಲ್ಲಿ ಪುರುಷರಿಗೆ ನಡುಗೆರೆಯಿಂದ ರೈಡರ್ ದಾಟಲೇಬೇಕಾದ ಬಾಕ್ ಲೈನ್ 3.75 ಮೀಟರ್, ಅಲ್ಲಿಂದ ಒಂದು ಮೀಟರಿಗೆ ಬೋನಸ್ ಲೈನ್. ಮಹಿಳೆಯರಿಗೆ ಬಾಕ್ ಲೈನ್ 3 ಮೀಟರ್, ಬೋನಸ್ 4. ಎರಡೂ ಬದಿಯ ಲಾಬಿ ಒಂದೊಂದು ಮೀಟರ್. ಗೆರೆ ಎಳೆಯಲು ಸುಟ್ಟ ಸುಣ್ಣ ಬೇಡ, ಬೆವರಿಗೆ ಸೇರಿದರೆ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರಂತೂ ಅಪಾಯ. ಸೀಮೆಸುಣ್ಣದ ಪುಡಿ ಬಳಸಿ.

ಕಂಬ ನೆಲದ ಮೇಲೆ 120 ಸೆಂಟಿಮೀಟರ್, ದಪ್ಪ ಒಂಬತ್ತರಿಂದ ಹತ್ತು, ನೆಲದಡಿ ಎರಡಡಿ. ಮರವನ್ನು ನೇರ ಕಾಂಕ್ರೀಟಿನಲ್ಲಿ ಹುಗಿದರೆ ಅದರ ಸುತ್ತ ನೀರು ನಿಂತು ನೆಲಮಟ್ಟದಲ್ಲೇ ಕೊಳೆಯುತ್ತದೆ. ಮೇಲಿಂದ ನೋಡಿದರೆ ಚೆನ್ನಾಗೇ ಇರುತ್ತದೆ, ಯಾರೋ ಓಡಿಬಂದು ಕಂಬ ಹಿಡಿದು ತಿರುಗಿದಾಗ ಮುರಿಯುತ್ತದೆ. ಕಾಂಕ್ರೀಟಿನಲ್ಲಿ ತಳವಿಲ್ಲದ ಕಬ್ಬಿಣದ ಕೊಳವೆ ಕೂರಿಸಿ, ಕೆಳಗೆ ಜಲ್ಲಿ ಹಾಕಿ, ಅದರೊಳಗೆ ಕಂಬ ಇಳಿಸಿ ಮರದ ಬೆಣೆ ಹೊಡೆಯಿರಿ. ಕೊಳವೆಯ ಬಾಯಿ ನೆಲಕ್ಕಿಂತ ಎರಡು ಇಂಚು ಕೆಳಗಿರಲಿ. ಈಗ ದೊಡ್ಡ ಪಂದ್ಯಗಳು ಮ್ಯಾಟ್ ಮೇಲೆ ನಡೆಯುತ್ತವೆ, 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಕೊಕ್ಕೊ ವಿಶ್ವಕಪ್ಪೂ ಹಾಗೇ. ಆದರೆ ಅದನ್ನು ಗೆದ್ದ ಭಾರತ ಮಹಿಳಾ ತಂಡದ ಬಿ. ಚೈತ್ರಾ ಬಂದದ್ದು ತಿ. ನರಸೀಪುರ ತಾಲ್ಲೂಕಿನ ಕುರುಬೂರಿನಿಂದ. ಊರಿನ ಮಕ್ಕಳಿಗೆ ಆಟ ಹತ್ತುವುದು ಮಣ್ಣಿನಲ್ಲೇ.

ಗರಡಿಯ ಮಟ್ಟಿ

ಅಂಕಣಕ್ಕೆ ಹೇಳಿದ್ದೆಲ್ಲ ಇಲ್ಲಿ ತಿರುವುಮುರುವು. ಮಟ್ಟಿ, ಅಂದರೆ ಕುಸ್ತಿ ಆಡುವ ಮಣ್ಣಿನ ಹೊಂಡ, ಗಟ್ಟಿಯಾಗಲೇಬಾರದು. ಐದು ಮೀಟರ್ ಚೌಕ, ಅರ್ಧ ಮೀಟರ್ ಆಳದ ಮಟ್ಟಿಗೆ ನಾಲ್ಕೂವರೆ ಯುನಿಟ್ ಕೆಮ್ಮಣ್ಣು ಬೇಕು, ಎರಡು ಸಲ ಜರಡಿ ಹಿಡಿದದ್ದು. ಅರಿಸಿನ, ಕುಂಕುಮ, ಎಣ್ಣೆ, ಮಜ್ಜಿಗೆ, ನಿಂಬೆರಸ, ಕರ್ಪೂರ, ಬೇವಿನ ಸೊಪ್ಪಿನ ಪುಡಿ ಎಲ್ಲ ಬೆರೆಸುವ ಪಾಕ ಒಂದೊಂದು ಗರಡಿಯಲ್ಲಿ ಒಂದೊಂದು ತರಹ. ಊರಲ್ಲಿ ಹಳೇ ಉಸ್ತಾದರು ಇದ್ದರೆ ಅವರ ಲೆಕ್ಕವೇ ಲೆಕ್ಕ. ಎಣ್ಣೆ ಸ್ವಲ್ಪ ಸ್ವಲ್ಪವೇ ಚಿಮುಕಿಸಿ ಕೈಯಲ್ಲಿ ಉಜ್ಜಿ ಬೆರೆಸಿ, ಒಮ್ಮೆಗೇ ಸುರಿದರೆ ಗಂಟು ಕಟ್ಟುತ್ತದೆ.

ದಿನಾ ಆಡುವ ಮುಂಚೆ ಗುದ್ದಲಿಯಿಂದ ಅಗೆದು ಹಲಗೆಯಿಂದ ಮಟ್ಟ ಮಾಡಬೇಕು. ಇದೇ ಪೈಲ್ವಾನರ ಮೊದಲ ವ್ಯಾಯಾಮ. ಒಂದು ವಾರ ಅಗೆಯದೆ ಬಿಟ್ಟ ಮಟ್ಟಿಯಲ್ಲಿ ಎತ್ತಿ ಹಾಕಿಸಿಕೊಂಡವನ ಬೆನ್ನಿಗೆ ಕೇಳಿ, ವ್ಯತ್ಯಾಸ ಹೇಳುತ್ತದೆ. ಒಣಗಿದರೆ ಪುಡಿ ಕಣ್ಣಿಗೆ, ಹೆಚ್ಚು ಒದ್ದೆಯಾದರೆ ಹಿಡಿತ ಜಾರು. ಮಳೆ ನೀರು ಬಿದ್ದ ಮಟ್ಟಿ ಹುಳಿ ವಾಸನೆ ಹೊಡೆಯುತ್ತದೆ, ಆದ್ದರಿಂದ ಮೇಲೆ ಸೂರು ಬೇಕೇ ಬೇಕು. ಅರಿಸಿನ, ಬೇವು ಹಾಕಿದ್ದೇವೆ ಎಂದು ಗಜಕರ್ಣ ಇದ್ದವರನ್ನು ಇಳಿಸಬೇಡಿ. ಹುಣ್ಣು, ಹುಳುಕಡ್ಡಿ ವಾಸಿಯಾಗುವವರೆಗೆ ದಂಡ, ಬಸ್ಕಿ, ಗದೆ ಸಾಕು.

ಆಮೇಲಿನ ನಿಗಾ

ಹೊಸ ಅಂಕಣಕ್ಕೆ ಎರಡು ವಾರ ಸಂಜೆ ತೆಳ್ಳಗೆ ನೀರು, ಬೆಳಗ್ಗೆ ರೋಲರ್. ಬಿಟ್ಟ ಬಿರುಕಿಗೆ ಅದೇ ಮಣ್ಣಿನ ಸಣ್ಣ ಪುಡಿ ತುಂಬಿ. ಆ ಮೇಲೆಯೇ ಆಟ. ಗುಡಿಸುವಾಗ ಹೊರಗಿನಿಂದ ನಡುವಿಗೆ ಗುಡಿಸಿ. ನಡುವಿನಿಂದ ಹೊರಗೆ ಗುಡಿಸಿದರೆ ಅಂಚಿನಲ್ಲಿ ಮಣ್ಣಿನ ಬದು ಎದ್ದು ಮಳೆ ನೀರು ಅಂಕಣದಲ್ಲೇ ನಿಲ್ಲುತ್ತದೆ, ಇಳಿಜಾರಿಗೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಅಂಕಣಕ್ಕೆ ಮಳೆಗಿಂತ ದೊಡ್ಡ ಶತ್ರು ಶಾಮಿಯಾನ. ಗಣೇಶನ ಹಬ್ಬ, ರಾಜ್ಯೋತ್ಸವ ಎಂದು ವರ್ಷಕ್ಕೆ ನಾಲ್ಕು ಸಲ ಗೂಟ ಹೊಡೆಯುತ್ತಾರೆ. ಬೇಡ ಎಂದರೆ ಯಾರೂ ಕೇಳುವುದಿಲ್ಲ. ಅಂಕಣದ ಹೊರಗೆ ಗೂಟಕ್ಕೆಂದೇ ನಾಲ್ಕು ಕಬ್ಬಿಣದ ಕೊಳವೆ ಹುಗಿದು ಕೊಡಿ, ಕೇಳುತ್ತಾರೆ. ಆದರೂ ಆದ ತೂತನ್ನು ಮೇಲೆ ಮಣ್ಣು ಹಾಕಿ ತುಳಿದು ಮುಚ್ಚಬೇಡಿ, ಆಟಗಾರನ ಕಣಕಾಲು ಉಳುಕುವುದು ಅಲ್ಲೇ. ತೂತನ್ನು ಅಂಗೈ ಅಗಲಕ್ಕೆ ಬಿಡಿಸಿ, ನೀರು ಹಾಕಿ, ಎರಡೆರಡು ಇಂಚಿನಂತೆ ತುಂಬಿ ಕುಟ್ಟಿ.

ಇನ್ನು ಫಲಕ. ಹಾಕಿಸುವುದಾದರೆ ಎರಡು ಕಡೆಯಿಂದ ಖಚಿತವಾದ ವರ್ಷಗಳನ್ನಷ್ಟೇ ಕೆತ್ತಿಸಿ. ಟ್ರೋಫಿಯ ತಗಡಿನಲ್ಲಿರುವ ತಂಡಗಳ ಹೆಸರು ಇದ್ದ ಹಾಗೇ ಇರಲಿ, ಕಾಗುಣಿತ ತಿದ್ದಬೇಡಿ. ಅಂಕಣದ ನಾಲ್ಕು ಮೂಲೆಯಲ್ಲಿ ನೆಲದಿಂದ ಒಂದಡಿ ಕೆಳಗೆ ಕಲ್ಲಿನ ತುಂಡು ಹುಗಿದಿಡಿ. ಒಂದೊಂದು ಕಲ್ಲಿಗೂ ಪಾರ್ಕಿನ ಎರಡು ಕದಲದ ಜಾಗಗಳಿಂದ, ಅಂದರೆ ಕಾಂಪೌಂಡಿನ ಮೂಲೆ, ಗುಡಿಯ ಪಾಯದಂಥ ಕಡೆಯಿಂದ ಎಷ್ಟು ದೂರ ಎಂದು ಅಳೆದು, ಆ ಎಂಟು ಅಳತೆಗಳನ್ನು ಫಲಕದ ಕೊನೆಯ ಸಾಲುಗಳಲ್ಲಿ ಕೆತ್ತಿಸಿ. ಮರದಿಂದ ಅಳೆಯಬೇಡಿ, ಮರ ದಪ್ಪವಾಗುತ್ತದೆ.